ಓದುಗರ ಪ್ರಶ್ನೆ: ಪ್ಯಾಕ್ ಹರಿಯೋ ಮುಂಚೆ ಮೇಜು ಹುಡ್ಕಿ

ಹೋದ ಸಂಚಿಕೇಲಿ ಒಬ್ರು ಪೋಕೆಮಾನ್ ಕಾರ್ಡ್ (ಕಾರ್ಟೂನ್ ಪ್ರಾಣಿಗಳ ಚಿತ್ರ ಇರೋ, ಕೂಡಿಡೋಕೂ ಆಡೋಕೂ ಆಗೋ ಕಾರ್ಡು) ಇಡೋಕೆ ಯಾವ ಫೈಲ್ ತಗೋಬೇಕು ಅಂತ ಕೇಳಿದ್ರು, ನಾಲ್ಕು ಸಾಲಲ್ಲಿ ಉತ್ತರ ಬರ್ದಿದ್ದೆ ಅಷ್ಟೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಜಾಸ್ತಿ ಬಂದಿರೋದು ನಮ್ಮ ಕೊಡಗಿನಿಂದಾನೇ, ಮಳೆಗೆ ಶಾಲೆ ರಜಾ ಕೊಟ್ಟಾಗೆಲ್ಲ ಮಕ್ಳು ಮನೇಲಿ ಕಾರ್ಡ್ ಹರ್ಡ್ಕೊಂಡು ಕೂತಿರ್ತಾರೆ ಅಂತ ಕಾಣುತ್ತೆ. ಹಂಗಾಗಿ ಈ ಸಲ ಪೂರ್ತಿ ಕಾರ್ಡಿಗೇ ಬಿಟ್ಟಿದೀನಿ. ಗೊತ್ತಿಲ್ದೋರಿಗೆ ಒಂದು ಮಾತು, ಪ್ಯಾಕ್ ಅಂದ್ರೆ ಒಳಗೆ ಯಾವ ಕಾರ್ಡಿದೆ ಅಂತ ಹೊರಗಿಂದ ಗೊತ್ತಾಗದ ಸೀಲ್ ಹಾಕಿದ ಪೊಟ್ಟಣ.

ಗೋಣಿಕೊಪ್ಪದಿಂದ ಒಬ್ಬ ತಾಯಿ: ಮಗನಿಗೆ ಹತ್ತು ವರ್ಷ. ಎರಡು ತಿಂಗಳಲ್ಲಿ ಪ್ಯಾಕ್ ತಗೊಳೋಕೆ 2,400 ರೂಪಾಯಿ ಖರ್ಚಾಗಿದೆ, ಅವನಿಗೆ ಬೇಕಾದ ಚಾರಿಜಾರ್ಡ್ (ಡ್ರ್ಯಾಗನ್ ಥರದ ಪೋಕೆಮಾನ್) ಇನ್ನೂ ಸಿಕ್ಕಿಲ್ಲ. ಈ ಹವ್ಯಾಸಾನೇ ನಿಲ್ಲಿಸಿಬಿಡ್ಲಾ?

ಹವ್ಯಾಸ ನಿಲ್ಲಿಸ್ಬೇಡಿ ಅಕ್ಕ, ಪ್ಯಾಕ್ ತಗೊಳೋದನ್ನ ನಿಲ್ಲಿಸಿ. ಇವೆರಡೂ ಒಂದೇ ಅಂತ ಎಲ್ರೂ ಅಂದ್ಕೊಂಡಿದಾರೆ, ಅಲ್ಲೇ ದುಡ್ಡು ಸೋರೋದು.

ಒಂದು ಲೆಕ್ಕ ಹೇಳ್ತೀನಿ, ಮಗನ್ನ ಪಕ್ಕ ಕೂರಿಸ್ಕೊಂಡೇ ಓದಿ. ಪೋಕೆಮಾನ್ ಕಾರ್ಡ್ ಜಪಾನಲ್ಲಿ ಶುರುವಾಗಿದ್ದು 1996ರಲ್ಲಿ, ಇಂಗ್ಲಿಷಲ್ಲಿ ಬಂದಿದ್ದು 1999ರಲ್ಲಿ. ಇಂಗ್ಲಿಷಿನ ಆ ಮೊದಲ್ನೇ ಸೆಟ್‌ನಲ್ಲಿ 102 ಕಾರ್ಡು, ಅದ್ರಲ್ಲಿ ಹೊಳೆಯೋ ಹೋಲೋ ಕಾರ್ಡು 16, ಚಾರಿಜಾರ್ಡೂ ಅದ್ರಲ್ಲೊಂದು. ಹದಿನಾರೂ ಸಮಸಮ ಸಿಗುತ್ತೆ ಅಂತಾನೇ ಇಟ್ಕೊಳಿ. ಮೊದಲು ಬಂದ ಹೋಲೋ ಹೆಂಗೂ ಹೊಸದು, ಖುಷಿ. ಎಂಟು ಸೇರೋ ಹೊತ್ತಿಗೆ ಬರೋದ್ರಲ್ಲಿ ಅರ್ಧ ಆಗ್ಲೇ ಇರೋದೇ ಬರುತ್ತೆ. ಹದಿನೈದು ಸೇರಿ ಒಂದೇ ಒಂದು ಬಾಕಿ ಅಂದಾಗ ಆ ಒಂದಕ್ಕೇ ಸರಾಸರಿ ಇನ್ನೂ 16 ಹೋಲೋ ಬರ್ಬೇಕು. ಎಲ್ಲ ಕೂಡಿಸಿದ್ರೆ ಹದಿನಾರು ಪೂರ್ತಿ ಮಾಡೋಕೆ ಸರಾಸರಿ 54 ಹೋಲೋ, ಅದೂ ಆಗ ಪ್ರತಿ ಪ್ಯಾಕಲ್ಲೂ ಹೋಲೋ ಇರ್ತಿರ್ಲಿಲ್ಲ. ಈಗಿನ ಪ್ಯಾಕಲ್ಲಿ ಹೊಳೆಯೋದು ಜಾಸ್ತಿ ಬರುತ್ತೆ ನಿಜ, ಆದ್ರೆ ಸೆಟ್ಟೂ ದೊಡ್ಡದಾಗಿದೆ. 2023ರಲ್ಲಿ ಬಂದ 151 ಅನ್ನೋ ಸೆಟ್ಟಲ್ಲಿ ಎಲ್ಲ ಸೇರಿ 207 ಕಾರ್ಡಿದೆ.

ಈಗ ಮಗನ್ನ ಕೇಳಿ, ನಿಂಗೆ ಬೇಕಾಗಿರೋ ಚಾರಿಜಾರ್ಡ್ ಯಾವ ನಂಬರು ಅಂತ. ಕಾರ್ಡಿನ ಕೆಳಗಡೆ ಮೂಲೇಲಿ ಸಣ್ಣಕ್ಕೆ ಬರ್ದಿರುತ್ತೆ. 151 ಸೆಟ್ಟಲ್ಲೇ ಚಾರಿಜಾರ್ಡ್ ಇಎಕ್ಸ್ (ex) ಮೂರು ಥರ ಇದೆ, 006/165, 183/165, 199/165. ಗೀಟಿನ ಬಲಗಡೆ ನಂಬರ್‌ಗಿಂತ ಎಡಗಡೇದು ದೊಡ್ಡದಿದ್ರೆ ಅದು ಸೀಕ್ರೆಟ್ ಕಾರ್ಡು, ಅದಕ್ಕೇ ಬೆಲೆ ಏರೋದು. ಆಟ ಆಡೋಕೆ ಮೂರೂ ಒಂದೇ, ಅದೇ ದಾಳಿ, ಅದೇ ಬಲ, ಚಿತ್ರ ಮಾತ್ರ ಬೇರೆ. ಸಾದಾ 006 ಗೇಮ್ ಅಂಗಡೀಲಿ (ಇಂಥ ಕಾರ್ಡ್ ಆಟದ ಸಾಮಾನು ಮಾರೋ ಅಂಗಡಿ) ಬಿಡಿಯಾಗಿ, ಅಂದ್ರೆ ಸಿಂಗಲ್ ಆಗಿ, ಸಿಗುತ್ತೆ, ನೀವು ಖರ್ಚು ಮಾಡಿರೋ ಆ 2,400ರಲ್ಲಿ ಒಂದು ಪಾಲು ಸಾಕು. ಹತ್ತು ವರ್ಷದ ಹುಡ್ಗನಿಗೆ ಬೇಕಾಗಿರೋದು ಹೆಚ್ಚಾಗಿ ಆ ಡ್ರ್ಯಾಗನ್ನೇ, 199 ನಂಬರಲ್ಲ.

ಇನ್ನೊಂದು ಮಾಡಿ. ಒಂಬತ್ತು ಪಾಕೆಟ್ ಇರೋ ಹಾಳೆ ಒಂದು ಕೊಡ್ಸಿ, ಈ ತಿಂಗಳು ಈ ಒಂಬತ್ತೇ ಅಂತ ಅವನೇ ತೀರ್ಮಾನ ಮಾಡ್ಲಿ, ಚೀಟೀಲಿ ನಂಬರ್ ಬರ್ಕೊಳ್ಳಿ, ಅಂಗಡಿಗೆ ಹೋದಾಗ ಆ ಚೀಟಿ ಹಿಡ್ಕೊಂಡು ಹುಡುಕ್ಲಿ. ಪ್ರತಿ ಅಂಗಡೀಲೂ ಒಂದು ಬಲ್ಕ್ ಬಾಕ್ಸ್ ಇರುತ್ತೆ, ಶೂ ಡಬ್ಬದಷ್ಟು ಉದ್ದಕ್ಕೆ, ಒಳಗೆ ಸಾಮಾನ್ಯ ಕಾರ್ಡುಗಳು ಸಾವಿರಗಟ್ಲೆ, ಮೈಸೂರಲ್ಲಿ ನಾನು ಹೋಗೋ ಅಂಗಡೀಲಿ ಒಂದಕ್ಕೆ ಹತ್ತು ರೂಪಾಯಿ. ಹೋದ ಸಲ ಅದನ್ನ ಬೆರಳಲ್ಲಿ ಮಗುಚ್ತಾ ಮಗುಚ್ತಾ ಮುಕ್ಕಾಲು ಗಂಟೆ ಕೂತಿದ್ದೆ, ಕಾಲು ಜೋಮು ಹಿಡ್ದಿತ್ತು, ಕೊನೆಗೆ 054 ಸೈಡಕ್ ಸಿಕ್ತು, ತಲೆ ಹಿಡ್ಕೊಂಡು ನಿಂತಿರೋ ಹಳದಿ ಬಾತುಕೋಳಿ. ಅದು ಸಿಕ್ಕಾಗ ಆದ ಖುಷಿ ಯಾವ ಪ್ಯಾಕಲ್ಲೂ ಆಗಿಲ್ಲ ನಂಗೆ, ಯಾಕಂದ್ರೆ ಅದನ್ನ ನಾನು ಹುಡುಕಿದ್ದು.

ಪ್ಯಾಕ್ ಪೂರ್ತಿ ಬೇಡ ಅಂತ ಹೇಳ್ತಿಲ್ಲ. ಹುತ್ತರಿಗೆ ಒಂದು, ಹುಟ್ಟಿದ ಹಬ್ಬಕ್ಕೆ ಒಂದು. ಅವತ್ತು ಮನೆಯೋರೆಲ್ಲ ಸುತ್ತ ಕೂತು ಒಡೀರಿ.

ಕುಶಾಲನಗರದ ಓದುಗರು: ಜಾತ್ರೇಲಿ, ಫ್ಯಾನ್ಸಿ ಸ್ಟೋರಲ್ಲಿ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡು ಡಬ್ಬಗಟ್ಲೆ ಸಿಗ್ತಿದೆ, ತುಂಬಾ ಕಮ್ಮಿ ರೇಟು. ಅಸಲಿನಾ?

ಅಲ್ಲ. ಪ್ಲಾಸ್ಟಿಕ್ ಥರ ಗಟ್ಟಿಯಾಗಿ, ಐವತ್ತೈದು ಕಾರ್ಡೂ ಚಿನ್ನದ ಬಣ್ಣದಲ್ಲಿ ಒಂದೇ ಡಬ್ಬದಲ್ಲಿ ಇದ್ರೆ ಅದು ನಕಲೀನೇ. ಅಸಲಿ ಚಿನ್ನದ ಕಾರ್ಡೂ ಇದೆ, ಆದ್ರೆ ಅದು ಹೆಚ್ಚಾಗಿ ಕಾಗದದ್ದು, ಅಪರೂಪಕ್ಕೆ ಸಿಗೋದು, ಡಬ್ಬ ತುಂಬ ಸಿಗಲ್ಲ.

ಕಾಗದದ ನಕಲಿ ಹಿಡಿಯೋದು ಸ್ವಲ್ಪ ಕಷ್ಟ. ಅಸಲಿ ಅಂತ ಗ್ಯಾರಂಟಿ ಇರೋ ಒಂದು ಕಾರ್ಡ್ ಪಕ್ಕ ಇಟ್ಕೊಂಡು ನೋಡ್ಬೇಕು, ಅಂಗಡೀಲಿ ಎನರ್ಜಿ ಕಾರ್ಡ್ (ಆಟಕ್ಕೆ ಬೇಕಾಗೋ ಸಾದಾ ಕಾರ್ಡು) ಕೇಳಿದ್ರೆ ಎಷ್ಟೋ ಸಲ ಸುಮ್ನೆ ಕೊಡ್ತಾರೆ, ಅದೇ ಸಾಕು. ಹಿಂದುಗಡೆ ನೀಲಿ ಎರಡರಲ್ಲೂ ಒಂದೇ ಥರ ಇದ್ಯಾ, ಪೋಕೆಮಾನ್ ಅನ್ನೋ ಇಂಗ್ಲಿಷ್ ಪದದಲ್ಲಿ ಇ ಅಕ್ಷರದ ಮೇಲೆ ಸಣ್ಣ ಗೀಟು ಇದ್ಯಾ, ಅಕ್ಷರ ದಪ್ಪ ಸಣ್ಣ ಆಗಿದ್ಯಾ ನೋಡಿ. ಆಮೇಲೆ ಮೊಬೈಲ್ ಟಾರ್ಚ್ ಹಿಂದುಗಡೆ ಹಿಡೀರಿ, ಅಸಲಿ ಕಾರ್ಡಿನ ಮಧ್ಯೆ ಒಂದು ಕಪ್ಪು ಪದರ ಇರುತ್ತೆ, ಬೆಳಕು ಸುಲಭಕ್ಕೆ ದಾಟಲ್ಲ, ನಕಲೀಲಿ ಬಲ್ಬ್ ಹಾಕಿದಂಗೆ ಕಾಣುತ್ತೆ. ಅಂಚನ್ನ ಕಣ್ಣಿನ ಹತ್ರ ಹಿಡಿದ್ರೆ ಆ ಕಪ್ಪು ಗೆರೆ ಕೂದಲೆಳೆಯಷ್ಟು ಕಾಣುತ್ತೆ. ಹರಿದು ನೋಡೋಕೆ ಮಾತ್ರ ಹೋಗ್ಬೇಡಿ.

ಮಗು ಹತ್ರ ಆಗ್ಲೇ ನಕಲಿ ಇದ್ರೆ ಕಸಕ್ಕೆ ಹಾಕ್ಬೇಡಿ, ಅದಕ್ಕದು ಪ್ರೀತಿದು. ಬೇರೆ ಡಬ್ಬದಲ್ಲಿ ಇಡೋಕೆ ಹೇಳಿ, ಅಸಲಿ ಅಂತ ಇನ್ನೊಬ್ರಿಗೆ ಕೊಡ್ಬಾರ್ದು ಅಂತ ಮಾತ್ರ ಖಡಾಖಂಡಿತವಾಗಿ ಹೇಳಿ.

ಮಡಿಕೇರಿಯಿಂದ ಕಾಲೇಜ್ ವಿದ್ಯಾರ್ಥಿ: ಮಳೆ ಶುರುವಾದ ಮೇಲೆ ನನ್ನ ಹೊಳೆಯೋ ಕಾರ್ಡೆಲ್ಲ ದೋಣಿ ಥರ ಬಗ್ಗಿದೆ. ಸರಿ ಮಾಡ್ಬಹುದಾ?

ಮಾಡ್ಬಹುದು, ಬೂಷ್ಟು ಬಂದಿಲ್ಲ ಅಂದ್ರೆ. ನಿಮ್ಮ ಸಂಕಟ ನಂಗೆ ಚೆನ್ನಾಗಿ ಗೊತ್ತು. ಒಂದು ಜುಲೈನಲ್ಲಿ ನನ್ನ ಇಡೀ ಫೈಲನ್ನ ಹೊರಗೋಡೆಗೆ ತಾಗಿದ್ದ ಕಬ್ಬಿಣದ ಬೀರೂಲಿ ಇಟ್ಟು ಮೂರು ವಾರ ತೆಗ್ದೇ ನೋಡಿರ್ಲಿಲ್ಲ. ತೆಗೆದಾಗ ಮೊದಲು ಬಂದಿದ್ದು ವಾಸನೆ, ಹಳೇ ಕಂಬಳಿ ಒದ್ದೆಯಾದಾಗ ಬರುತ್ತಲ್ಲ ಅದು. ಹಾಳೆಗಳು ಒಂದಕ್ಕೊಂದು ಅಂಟ್ಕೊಂಡಿತ್ತು, ಬಿಡಿಸಿದ್ರೆ ಕಾರ್ಡಿನ ಹಿಂದೆ ಬೂದುಬಣ್ಣದ ಚುಕ್ಕೆ ಚುಕ್ಕೆ. ಒರೆಸಿದೆ, ಬಣ್ಣಾನೂ ಬಂತು. ಆರು ವರ್ಷ ಕೂಡಿಟ್ಟಿದ್ರಲ್ಲಿ ನಲವತ್ತು ಕಾರ್ಡ್ ಹೋಯ್ತು, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಯಾಕೆ ಬಗ್ಗುತ್ತೆ ಅಂದ್ರೆ, ಹೊಳೆಯೋ ಕಾರ್ಡಲ್ಲಿ ಮುಖದ ಕಡೆ ಒಂದು ಫಾಯಿಲ್ ಪದರ ಇರುತ್ತೆ, ಹಿಂದೆ ಕಾಗದ. ನಮ್ಮ ಜುಲೈ ಗಾಳೀಲಿ ಕಾಗದ ನೀರು ಕುಡಿದು ಹಿಗ್ಗುತ್ತೆ, ಫಾಯಿಲ್ ಹಿಗ್ಗಲ್ಲ, ಎರಡೂ ಅಂಟಿರೋದ್ರಿಂದ ಕಾರ್ಡು ಮುಖದ ಕಡೆಗೆ ಮಡಿಚ್ಕೊಳುತ್ತೆ, ಮುಖ ಮೇಲೆ ಮಾಡಿ ಇಟ್ರೆ ದೋಣಿ. ತೇವ ಹೋದ್ರೆ ಕಾಗದ ವಾಪಸ್ ಕುಗ್ಗುತ್ತೆ. ಹಂಗಾಗಿ ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್, ಒಲೆ ಮೇಲಿನ ಅಟ್ಟ, ಇದ್ಯಾವ್ದೂ ಬೇಡ. ಅಟ್ಟದ ಹೊಗೆ ಮಾಂಸಕ್ಕೆ ಒಳ್ಳೇದು, ಕಾರ್ಡಿಗಲ್ಲ. ಗಟ್ಟಿ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಕ್ಕೆ ಕಾರ್ಡ್ ಹಾಕಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಕಾರ್ಡಿಗೆ ನೇರ ತಾಗ್ಬಾರ್ದು. ಹತ್ತು ಹದಿನೈದು ದಿನ ಬಿಡಿ, ನಿಧಾನಕ್ಕೆ ನೆಟ್ಟಗಾಗುತ್ತೆ. ಬಣ್ಣ ಬದಲಾಗೋ ಸಿಲಿಕಾ ತಗೊಂಡ್ರೆ ಅನುಕೂಲ, ನೀಲಿ ಇದ್ದಿದ್ದು ಗುಲಾಬಿ ಆಯ್ತು ಅಂದ್ರೆ ಅದರ ಹೊಟ್ಟೆ ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸ್ಬಹುದು. ತೇವಾಂಶ ತೋರಿಸೋ ಪುಟ್ಟ ಮೀಟರ್ ಒಂದು ಡಬ್ಬದೊಳಗೆ ಇಟ್ರೆ ಇನ್ನೂ ಒಳ್ಳೇದು, ಶೇಕಡಾ 40ರಿಂದ 50ರ ಮಧ್ಯೆ ಇದ್ರೆ ನೆಮ್ಮದಿ. ತೀರಾ ಒಣಗಿಸಿದ್ರೂ ಕಷ್ಟ, ಆಗ ಕಾಗದ ಕುಗ್ಗಿ ಉಲ್ಟಾ ಬಗ್ಗುತ್ತೆ.

ಇದೆಲ್ಲಕ್ಕಿಂತ ಖರ್ಚಿಲ್ಲದ ಉಪಾಯ ಒಂದಿದೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ, ಕಾಫಿ ಕಣದಲ್ಲಿ ಒಣಗ್ತಿರೋ ಹೊತ್ತಲ್ಲಿ, ಒಳ್ಳೆ ಬಿಸಿಲಿರೋ ಮಧ್ಯಾಹ್ನ ನೋಡಿ ಡಬ್ಬ ಮುಚ್ಬಿಡಿ, ಕಾರ್ಡ್ ಮಾತ್ರ ನೆರಳಲ್ಲೇ ಇರ್ಲಿ. ಒಣಗಾಳೀನೇ ಒಳಗೆ ಉಳಿಯುತ್ತೆ. ಮಳೆಗಾಲದಲ್ಲಿ ಕೈಗೆ ಬೇಕಾಗಿರೋ ಇಪ್ಪತ್ತು ಮೂವತ್ತು ಮಾತ್ರ ಹೊರಗಿಡಿ, ಉಳಿದ ಡಬ್ಬ ತೆಗೀಲೇಬೇಡಿ. ಬೀರು ಒಳಗೋಡೆ ಕಡೆ ಇರ್ಲಿ, ನೆಲದ ಮೇಲಂತೂ ಬೇಡ. ಮತ್ತೆ ಫೈಲ್ ತಗೊಳುವಾಗ ಪಿವಿಸಿ ಹಾಳೆ ಬೇಡ, ಅದು ಕಾಲಕ್ರಮೇಣ ಅಂಟಂಟಾಗುತ್ತೆ, ಪಾಲಿಪ್ರೊಪಿಲೀನ್ ಅಂತ ಬರ್ದಿರೋದನ್ನೇ ಕೇಳಿ. ಹೋದ ಸಂಚಿಕೇಲಿ ಇದನ್ನ ಹೇಳೋದು ಬಿಟ್ಟಿದ್ದೆ.

ಸೋಮವಾರಪೇಟೆಯಿಂದ: ನಮ್ಮೂರಲ್ಲಿ ಗೇಮ್ ಅಂಗಡೀನೇ ಇಲ್ಲ. ಆನ್‌ಲೈನ್ ಬಿಟ್ರೆ ಬೇರೆ ದಾರಿ ಏನಿದೆ?

ಎರಡು ದಾರಿ ಇದೆ, ಎರಡೂ ನಾನು ನಡೆದಿರೋದೇ.

ಒಂದು ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಕಾರ್ಡಿಗೋಸ್ಕರಾನೇ ಹೋದ್ರೆ ಬಸ್ ಚಾರ್ಜಲ್ಲೇ ಹತ್ತಾರು ಕಾರ್ಡಿನ ದುಡ್ಡು ಹೋಗುತ್ತೆ. ಡಾಕ್ಟರ್ ಹತ್ರ, ಮದುವೆ ಜವಳಿಗೆ, ಯಾವ್ದಕ್ಕೋ ಮನೆಯೋರು ಹೋಗೇ ಹೋಗ್ತಾರಲ್ಲ, ಅವತ್ತು ಎರಡು ಗಂಟೆ ಇಸ್ಕೊಳಿ. ಆಟ ನಡೆಯೋ ದಿನ ಯಾವ್ದು ಅಂತ ಮೊದ್ಲೇ ಫೋನ್ ಮಾಡಿ ಕೇಳ್ಕೊಂಡು ಹೋಗಿ, ಯಾಕಂದ್ರೆ ಗೇಮ್ ಅಂಗಡೀಲಿ ಬೆಲೆಬಾಳೋದು ಗೋಡೆ ಮೇಲಿರೋ ಪ್ಯಾಕಲ್ಲ, ಹಿಂದುಗಡೆ ಇರೋ ಮೇಜು. ಅಲ್ಲಿ ಕೂತೋರ ಹತ್ರ ನಿಮಗೆ ಬೇಕಾದ್ದು ಎರಡೆರಡು ಇರುತ್ತೆ, ನಿಮ್ಮ ಹತ್ರ ಅವರಿಗೆ ಬೇಕಾದ್ದು ಇರುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ ಐದು ಕಾರ್ಡ್ ಬದಲಾಗುತ್ತೆ. ಆನ್‌ಲೈನಲ್ಲಿ ತಗೊಂಡ ಮೂಲೆ ಸವೆದ ಕಾರ್ಡಿಗೆ ಜಗಳ ಮಾಡ್ತಾ ಕೂರೋದಕ್ಕಿಂತ ಇಲ್ಲಿ ಕೈಯಲ್ಲಿ ಹಿಡ್ದು, ಬೆಳಕಿಗೆ ತಿರುಗಿಸಿ ನೋಡಿ ತಗೊಳೋದು ಎಷ್ಟೋ ವಾಸಿ.

ಆದ್ರೆ ಅಂಗಡಿಯವರಿಗೂ ಬಾಡಿಗೆ ಕಟ್ಟೋದಿರುತ್ತೆ. ಇಡೀ ಮಧ್ಯಾಹ್ನ ಅವರ ಮೇಜಲ್ಲಿ ಕೂತು ಏನೂ ತಗೊಳ್ದೆ ಎದ್ದು ಬರೋದು ನಂಗೆ ಸರಿ ಕಾಣಲ್ಲ, ಒಂದು ಸ್ಲೀವ್ ಪ್ಯಾಕ್ (ಕಾರ್ಡಿಗೆ ಹಾಕೋ ಪ್ಲಾಸ್ಟಿಕ್ ಕವರು), ನಾಲ್ಕು ಸಿಂಗಲ್, ಏನಾದ್ರೂ ಅಲ್ಲೇ ತಗೊಳಿ. ಕೇಳ್ದೆ ಬೇರೆಯೋರ ಫೈಲ್ ಮುಟ್ಬೇಡಿ, ಎಣ್ಣೆ ಕೈಯಲ್ಲಂತೂ ಬೇಡವೇ ಬೇಡ. ಮೊಬೈಲಲ್ಲಿ ಅಮೆರಿಕದ ರೇಟ್ ತೋರಿಸಿ ಚೌಕಾಸಿ ಮಾಡ್ಬೇಡಿ, ಇಲ್ಲಿಗೆ ತರಿಸೋಕೆ ಅವರು ಡ್ಯೂಟಿ ಕಟ್ಟಿರ್ತಾರೆ. ನಾಲ್ಕು ಸಲ ಹಿಂಗೆ ಹೋಗಿ ಬಂದ್ರೆ ಅವರೇ ನಿಮ್ಮ ಚೀಟಿ ಇಸ್ಕೊಂಡು, ಸಿಕ್ಕಿದ್ದನ್ನ ಎತ್ತಿಡೋಕೆ ಶುರು ಮಾಡ್ತಾರೆ.

ಎರಡ್ನೇ ದಾರಿ, ನೀವೇ ಮೇಜು ಹಾಕೋದು. ನಿಮ್ಮೂರಲ್ಲಿ ಪುಸ್ತಕದ ಅಂಗಡೀನೋ ಬೇಕರೀನೋ ಇರುತ್ತಲ್ಲ, ಭಾನುವಾರ ಮಧ್ಯಾಹ್ನ ವ್ಯಾಪಾರ ಕಮ್ಮಿ ಇರೋ ಹೊತ್ತಲ್ಲಿ ಎರಡು ಗಂಟೆ ಒಂದು ಮೂಲೆ ಕೊಡ್ತೀರಾ ಅಂತ ಕೇಳಿ, ಕೂತೋರೆಲ್ಲ ಟೀ ಪಫ್ಸ್ ಅಲ್ಲೇ ತಗೋತೀವಿ ಅಂತ ಹೇಳಿ. ನಾವು ಐದು ಜನ ಹಿಂಗೇ ಶುರು ಮಾಡಿದ್ದು, ಈಗ ಹದಿನಾಲ್ಕು ಜನ ಬರ್ತಾರೆ, ಅದ್ರಲ್ಲೊಬ್ರು ರಿಟೈರ್ ಆಗಿರೋ ಮೇಷ್ಟ್ರು. ಅಂಗಡಿಯವರಿಗೆ ಮೊದ್ಲೇ ಪ್ಯಾಕ್ ತರಿಸಿ ಅಂತ ಗಂಟು ಬೀಳ್ಬೇಡಿ, ಮಾರಾಟ ಆಗ್ಲಿಲ್ಲ ಅಂದ್ರೆ ಪಾಪ ಅವರಿಗೆ ನಷ್ಟ. ಸ್ಲೀವ್ ಇಡಿ ಅಂತ ಹೇಳಿ, ಅದು ಎಲ್ರಿಗೂ ಬೇಕು, ಕೆಡೋದೂ ಇಲ್ಲ.

ವಿರಾಜಪೇಟೆಯಿಂದ: ದೊಡ್ಡ ಕ್ಲಾಸಿನ ಹುಡುಗ ನನ್ನ ಮಗಳ ಹತ್ರ ಒಳ್ಳೆ ಕಾರ್ಡ್ ತಗೊಂಡು ಹತ್ತು ಸಾಮಾನ್ಯ ಕಾರ್ಡ್ ಕೊಟ್ಟಿದಾನೆ. ವಾಪಸ್ ಕೇಳೋದಾ ಬೇಡ್ವಾ?

ಕೇಳಿ, ಇವತ್ತೇ ಕೇಳಿ, ಆದ್ರೆ ಕಳ್ಳ ಅನ್ನೋ ಪದ ಬೇಡ. ಆ ಹುಡುಗನ ಮನೆಯೋರ ಹತ್ರ, ಇಬ್ರೂ ಮಕ್ಳು ಎದುರಿಗೆ ಇರುವಾಗ್ಲೇ ಮಾತಾಡಿ. ನಮ್ಮ ಮೇಜಲ್ಲಿ ಒಂದು ಕಟ್ಟಳೆ ಇದೆ, ಹದಿನಾಲ್ಕು ವರ್ಷದೊಳಗಿನೋರ ಬದಲಾವಣೆ ಮುಂದಿನ ಭಾನುವಾರದವರೆಗೂ ಪಕ್ಕಾ ಅಲ್ಲ, ಮನೆಗೆ ಹೋಗಿ ಮಲಗಿ ಎದ್ದು ಬೇಡ ಅನ್ಸಿದ್ರೆ ವಾಪಸ್ ಮಾಡ್ಬಹುದು, ಯಾರೂ ಮುಖ ಊದಿಸ್ಕೊಳಂಗಿಲ್ಲ. ಇದು ಬಂದ ಮೇಲೆ ಮಕ್ಳು ಅಳೋದು ನಿಂತಿದೆ. ಮಗಳಿಗೆ ಕೆಳಗಿನ ಗುರುತು ನೋಡೋದು ಕಲ್ಸಿ, ಸೊನ್ನೆ ಇದ್ರೆ ಸಾಮಾನ್ಯ, ಡೈಮಂಡ್ ಇದ್ರೆ ಸ್ವಲ್ಪ ಕಮ್ಮಿ ಸಿಗೋದು, ನಕ್ಷತ್ರ ಇದ್ರೆ ಅಪರೂಪ. ಹತ್ತು ಸೊನ್ನೆ ಸೇರಿದ್ರೂ ಒಂದು ನಕ್ಷತ್ರ ಆಗಲ್ಲ ಅಂತ ಆಗ ಅವಳಿಗೇ ಗೊತ್ತಾಗುತ್ತೆ.

ಸಿದ್ದಾಪುರದ ಬೆಳೆಗಾರರು: ಒಂದು ಕಾರ್ಡ್ ಕೋಟಿಗಟ್ಲೆಗೆ ಹೋಯ್ತಂತೆ. ಸೀಲ್ ಒಡೀದೆ ಡಬ್ಬ ಇಟ್ರೆ ಮುಂದೆ ಲಾಭ ಬರುತ್ತಾ?

ನೀವು ಹೇಳ್ತಿರೋದು ಪಿಕಾಚು ಇಲಸ್ಟ್ರೇಟರ್ ಅನ್ನೋ ಪೋಕೆಮಾನ್ ಕಾರ್ಡ್ ಇರ್ಬೇಕು, 2021ರಲ್ಲಿ 52 ಲಕ್ಷ 75 ಸಾವಿರ ಡಾಲರ್‌ಗೆ ಕೈ ಬದಲಾಯ್ತು. ಅದು ಯಾವ ಪ್ಯಾಕಲ್ಲೂ ಬಂದಿದ್ದಲ್ಲ, ಜಪಾನಲ್ಲಿ ಚಿತ್ರ ಬರೆಯೋ ಸ್ಪರ್ಧೆ ಗೆದ್ದೋರಿಗೆ ಬಹುಮಾನವಾಗಿ ಕೊಟ್ಟಿದ್ದು. ಈಗ ಅಂಗಡೀಲಿರೋ ಡಬ್ಬಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೆಣಸು ಒಣಗಿಸಿ ರೇಟ್ ಬರ್ಲಿ ಅಂತ ಇಟ್ಕೊಂಡ್ರೆ ತಿನ್ನೋರು ಇದ್ದೇ ಇರ್ತಾರೆ, ಕಾರ್ಡನ್ನ ಕಂಪನಿ ಬೇಕಂದ್ರೆ ನಾಳೆ ಮತ್ತೆ ಪ್ರಿಂಟ್ ಹಾಕುತ್ತೆ. ಮೊಮ್ಮಕ್ಕಳ ಜೊತೆ ಒಡೆದು ಆಡೋದಾದ್ರೆ ಒಂದು ಡಬ್ಬ ತಗೊಳಿ, ದುಡ್ಡು ಬೆಳೆಸೋಕಾದ್ರೆ ಬೇಡ.

ಪೊನ್ನಂಪೇಟೆ ಹಾಸ್ಟೆಲ್‌ನಿಂದ: ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಕಲೀಬೇಕು ಅಂತಿದೀವಿ ನಾಲ್ಕು ಜನ. ಡೆಕ್ಕಿಗೆ (ಆಡೋಕೆ ಕೂಡಿಸ್ಕೊಳೋ ಕಾರ್ಡಿನ ಕಟ್ಟು) ಸಾವಿರಾರು ರೂಪಾಯಿ ಅಂತಾರೆ.

ಪಾಪರ್ ಅಂತ ಒಂದು ಆಟದ ರೀತಿ ಇದೆ, ಅದ್ರಲ್ಲಿ ಸಾಮಾನ್ಯ ದರ್ಜೆಯ ಕಾರ್ಡ್ ಮಾತ್ರ ಹಾಕ್ಬಹುದು, 2019ರಿಂದ ಕಂಪನೀನೇ ಅದಕ್ಕೆ ಒಂದು ಅಧಿಕೃತ ಪಟ್ಟಿ ಮಾಡಿದೆ. ಮ್ಯಾಜಿಕ್ 1993ರಿಂದ ಬರ್ತಿರೋ ಆಟ, ಮೂವತ್ತು ವರ್ಷದ ಸಾಮಾನ್ಯ ಕಾರ್ಡು ಅಂದ್ರೆ ಸಮುದ್ರ, ಬಲ್ಕ್ ಬಾಕ್ಸಲ್ಲಿ ಹುಡುಕಿದ್ರೆ 60 ಕಾರ್ಡಿನ ಒಳ್ಳೆ ಡೆಕ್ಕೇ ಆಗುತ್ತೆ. ಇನ್ನೂ ಚೆನ್ನಾಗಿರೋದು, ನಾಲ್ಕೂ ಜನ ಸೇರಿ ಒಂದೊಂದೂ ಬೇರೆ ಬೇರೆ ಇರೋ ಹಂಗೆ 180 ಕಾರ್ಡ್ ಕೂಡಿಸಿ. ಹದಿನೈದು ಹದಿನೈದರ ಕಟ್ಟು ಮಾಡಿ ಒಬ್ರಿಗೆ ಮೂರು ಕೊಡಿ, ಒಂದು ತೆಗ್ದು ಉಳಿದಿದ್ದು ಪಕ್ಕದೋರಿಗೆ ದಾಟಿಸಿ, ಹಂಗೇ ಕಟ್ಟು ಮುಗಿಯೋವರೆಗೆ. ಸಿಕ್ಕಿದ್ರಲ್ಲಿ ಇಪ್ಪತ್ಮೂರು ಆರಿಸಿ ಹದಿನೇಳು ಲ್ಯಾಂಡ್ (ಬೇರೆ ಕಾರ್ಡ್ ಆಡೋಕೆ ಶಕ್ತಿ ಕೊಡೋ ಕಾರ್ಡು) ಸೇರಿಸಿದ್ರೆ 40ರ ಡೆಕ್. ಆಡಿದ ಮೇಲೆ ಎಲ್ಲ ವಾಪಸ್ ಡಬ್ಬಕ್ಕೆ. ಇದಕ್ಕೆ ಕ್ಯೂಬ್ ಅಂತಾರೆ, ಒಂದ್ಸಲ ಖರ್ಚು ಮಾಡಿದ್ರೆ ಹಾಸ್ಟೆಲ್ ಬಿಡೋವರೆಗೂ ಆಡ್ಬಹುದು.

ನಾಪೋಕ್ಲಿನಿಂದ, ಏಳನೇ ಕ್ಲಾಸ್: ಫುಟ್ಬಾಲು, ಕ್ರಿಕೆಟ್ಟು ಎಲ್ಲದಕ್ಕೂ ಕಾರ್ಡಿದೆ. ನಮ್ಮ ಹಾಕಿಗೆ ಯಾಕಿಲ್ಲ?

ಈ ಪ್ರಶ್ನೆ ಓದಿ ನಂಗೆ ತುಂಬಾ ಖುಷಿಯಾಯ್ತು ಪುಟ್ಟ. ನೀನೇ ಮಾಡು. ದಪ್ಪ ಹಾಳೇನ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ ಕತ್ತರಿಸು, ಪೋಕೆಮಾನ್ ಕಾರ್ಡಿನ ಅಳತೆ ಅದೇ, ಅದರ ಸ್ಲೀವಲ್ಲೇ ಕೂರುತ್ತೆ. ಮುಂದೆ ನೀನೇ ಬಿಡಿಸಿದ ಚಿತ್ರ, ಹಿಂದೆ ವಿವರ. ಶುರು ಮಾಡೋಕೆ ಮೂರು ಹೆಸರು ಕೊಡ್ತೀನಿ, 1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಸೋಮವಾರಪೇಟೆಯ ಎಸ್.ವಿ. ಸುನಿಲ್. ಆಮೇಲೆ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ಇದೆಯಲ್ಲ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಅದ್ರಲ್ಲಿ ನಿಮ್ಮ ಮನೆಯೋರು ಯಾರ್ಯಾರು ಆಡಿದಾರೆ ಅಂತ ಅಜ್ಜನ್ನ ಕೇಳು, ಅವರದ್ದೂ ಒಂದೊಂದು ಮಾಡು, ಯಾವ ಜಾಗದಲ್ಲಿ ಆಡ್ತಿದ್ರು, ಎಷ್ಟು ಗೋಲು, ಎಲ್ಲ ಬರಿ. ಪ್ರತಿಯೊಂದನ್ನೂ ಎರಡೆರಡು ಮಾಡು, ಬದಲಾಯಿಸ್ಕೊಳೋಕೆ ಬೇಕಾಗುತ್ತೆ. ಮೊದಲ್ನೇ ಸೆಟ್ ಆದ ಮೇಲೆ ನಿಮ್ಮ ಅಜ್ಜನ ಕಾರ್ಡ್ ಒಂದು ಪತ್ರಿಕೆ ವಿಳಾಸಕ್ಕೆ ನಂಗೂ ಕಳ್ಸು. ಬದಲಿಗೆ ನಾನು ಆ ಸೈಡಕ್ ಕಳಿಸ್ತೀನಿ.